ಉರಿ ಯಾರಿಗೆ ಬಂತು

ನಾನು ಆ ಊರಿಗೆ ಬಂದಿಳಿದ ದಿನ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ನನ್ನ ಕಪ್ಪಿಗೆ ಚಹಾ ಬಗ್ಗಿಸುತ್ತಿದ್ದವನು ಇದ್ದಕ್ಕಿದ್ದಂತೆ ಕೆಟಲಿ ಬಿಟ್ಟು, ಬಲ ಮೊಣಕೈ ಹಿಡಿದುಕೊಂಡು ಕೂಗಿಕೊಂಡ. ಅಲ್ಲಿ ಕೂತಿದ್ದ ಗಿರಾಕಿಗಳು ಯಾರೂ ಅವನ ಕೈ ನೋಡಲಿಲ್ಲ. ಕಪ್ಪು ಕೆಳಗಿಟ್ಟು ಎದ್ದವರೇ ಒಬ್ಬ ಅವನ ಮನೆಯ ಕಡೆ, ಇನ್ನೊಬ್ಬ ಅವನ ಮಗಳು ಕಲಿಯುವ ಶಾಲೆಯ ಕಡೆ, ಮತ್ತೊಬ್ಬ ಅವನ ತಮ್ಮನ ಗ್ಯಾರೇಜಿನ ಕಡೆ ಓಡಿದರು. ಸ್ವಲ್ಪ ಹೊತ್ತಿಗೆ ಗ್ಯಾರೇಜಿಗೆ ಹೋದವನು ಆ ತಮ್ಮನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ದವಾಖಾನೆಯ ಕಡೆ ತುಳಿಯುತ್ತ ಬಂದ. ಚೇಳು ಕುಟುಕಿದ್ದು ತಮ್ಮನ ಮೊಣಕೈಗೆ. ಅವನು ಹಿಂದೆ ಕೂತು ನೆಮ್ಮದಿಯಾಗಿ ಬಾಳೆಹಣ್ಣು ತಿನ್ನುತ್ತಿದ್ದ. ಅಣ್ಣ ಹಲ್ಲು ಕಚ್ಚಿ ನೋವು ತಡೆದುಕೊಂಡು, ಸಿಕ್ಕಿದನಲ್ಲ ಎಂದು ಉಸಿರು ಬಿಟ್ಟು, ನನಗೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದ.

ನಾನು ಚೇಳಿನ ವಿಷದ ಬಗ್ಗೆ ಓದಿದವಳು. ಹೆಸರು ಮಂದಾಕಿನಿ; ಆ ಊರಿನಲ್ಲಿ ಬಂದ ಮಾರನೆಯ ದಿನದಿಂದಲೇ ಚೇಳಿನ ಮೇಡಂ ಆದೆ. ಚೇಳಿನ ವಿಷ ಒಂದು ವಸ್ತುವಲ್ಲ, ಒಂದು ಸಂತೆ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಲ್ಲೂ ಹತ್ತಾರು ಬಗೆಯ ಪೆಪ್ಟೈಡುಗಳು ನೂಕಾಡುತ್ತಿರುತ್ತವೆ. ಅಮೈನೊ ಆಮ್ಲದ ಮಣಿಗಳನ್ನು ಪೋಣಿಸಿದ ಗಿಡ್ಡ ಸರಗಳು ಅವು. ಚೇಳು ಆ ಸರವನ್ನು ಮಡಚಿ, ಮೂರು ನಾಲ್ಕು ಕಡೆ ಗುಂಡಿ ಹಾಕಿ ಭದ್ರ ಮಾಡಿರುತ್ತದೆ. ಕೆಲವು ಪೆಪ್ಟೈಡುಗಳು ನರದ ಬಾಗಿಲು ಮುಚ್ಚದಂತೆ ಕಾಲು ಅಡ್ಡ ಇಡುತ್ತವೆ, ಕೆಲವು ಬಾಗಿಲಿಗೆ ಬಿರಡೆ ಜಡಿಯುತ್ತವೆ, ಇನ್ನು ಕೆಲವು ಮಿಡತೆ ಜಿರಳೆಗಳಿಗಷ್ಟೇ ಯಮನಾಗಿ ಮನುಷ್ಯರಿಗೆ ಕ್ಯಾರೇ ಅನ್ನುವುದಿಲ್ಲ. ನೋವು ಕೊಡುವುದು ಯಾವುದು, ಎದೆಬಡಿತ ಕೆಡಿಸುವುದು ಯಾವುದು ಎಂದು ಬಿಡಿಸಿ ಬೇರೆ ಮಾಡುವುದು ನನ್ನ ಕೆಲಸ.

ಆ ಊರಿನಲ್ಲಿ ಆ ಕೆಲಸವನ್ನು ಚೇಳೇ ಮುಗಿಸಿಬಿಟ್ಟಿತ್ತು. ಕುಟುಕಿಸಿಕೊಂಡವರಿಗೆ ಬೆವರು, ತಣ್ಣಗಾಗುವ ಕೈಕಾಲು, ದಿಕ್ಕೆಟ್ಟು ಓಡುವ ಎದೆ. ನೋವು ಮಾತ್ರ ಅವರನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ. ಊರ ಗಡಿ ದಾಟಿದರೆ ಅದೇ ಚೇಳು ಎಲ್ಲ ಊರಿನ ಚೇಳುಗಳಂತೆ ಕುಟುಕಿಸಿಕೊಂಡವರನ್ನೇ ಅಳಿಸುತ್ತಿತ್ತು.

ಜನ ಇದಕ್ಕೆ ಎಂದೋ ಒಗ್ಗಿಕೊಂಡಿದ್ದರು. ಪ್ರೀತಿ, ಅಕ್ಕರೆ ಎಂಬ ಮಾತುಗಳನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ. "ನನಗ ಅವ ಉರೀತಾನ" ಅನ್ನುತ್ತಿದ್ದರು, ಅವನ ಉರಿ ನನಗೆ ಬರುತ್ತದೆ ಎಂದು, ಅಷ್ಟೇ. ಮೂರು ಮಕ್ಕಳ ತಾಯಿ ಕೂಗಿಕೊಂಡರೆ ಮೂರು ದಿಕ್ಕಿಗೆ ಜನ ಓಡುತ್ತಿದ್ದರು. ಕಾಲೇಜಿನ ಹುಡುಗನೊಬ್ಬ, ಯಾವ ಹುಡುಗಿ ಕೂಗುತ್ತಾಳೆ ನೋಡೋಣವೆಂದು ಕಾಲೇಜಿನ ಮುಂದೆಯೇ ನಿಂತು ಬೇಕೆಂದೇ ಕುಟುಕಿಸಿಕೊಂಡಿದ್ದನಂತೆ. ಕೂಗಿದ್ದು ಅವನ ಅಜ್ಜಿ. ಮನೆಯಿಂದ ಕಾಲೇಜಿನತನಕ ಬೈದುಕೊಂಡೇ ಬಂದಳಂತೆ. ಪುರಸಭೆಯ ಅಧ್ಯಕ್ಷರೊಬ್ಬರಿಗೆ ಸಭೆಯಲ್ಲೇ ಕುಟುಕಿ, ಇಡೀ ಊರಿನಲ್ಲಿ ಒಂದು ಸೊಲ್ಲೂ ಏಳದೆ, ಅವರು ಅಲ್ಲೇ ರಾಜೀನಾಮೆ ಕೊಟ್ಟಿದ್ದನ್ನು ಜನ ಈಗಲೂ ನಗುತ್ತ ಹೇಳುತ್ತಿದ್ದರು.

ಆದರೆ ಇದರಲ್ಲಿ ನಗೆಯಷ್ಟೇ ಇರಲಿಲ್ಲ. ನೋವೇ ಇಲ್ಲದವನಿಗೆ ತನಗೆ ಕುಟುಕಿದ್ದು ತಿಳಿಯುವುದಿಲ್ಲ. ಯಾರೋ ಒಬ್ಬರು ಕೂಗಬೇಕು, ಹುಡುಕಬೇಕು, ದವಾಖಾನೆಗೆ ಎಳೆದುಕೊಂಡು ಹೋಗಬೇಕು. ಕೂಗುವವರಿಲ್ಲದವನು ಹೊಲದಲ್ಲೋ ಹಾಸಿಗೆಯಲ್ಲೋ ಸುಮ್ಮನೆ ತಣ್ಣಗಾಗುತ್ತಿದ್ದ. ಅದಕ್ಕೇ ಹೊರಗಿನಿಂದ ಬಂದವರು ಆ ಊರಿನಲ್ಲಿ ಒಂಟಿಯಾಗಿ ಮನೆ ಮಾಡುವಂತಿರಲಿಲ್ಲ. ಪುರಸಭೆಯ ಗುಮಾಸ್ತ ನನ್ನನ್ನು ಮೊದಲು ಕೇಳಿದ್ದು ಓದಿನ ವಿಷಯವಲ್ಲ. ನನಗೆ ಕುಟುಕಿದರೆ ಉರಿ ಹತ್ತುವವರು ಊರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು. ಇಲ್ಲವೆಂದೆ. ಈ ಊರಿನಲ್ಲಿ ಮಾತ್ರವಲ್ಲ, ಅಪ್ಪ ಅಮ್ಮ ಹೋದ ಮೇಲೆ ಬೇರೆ ಊರಿನಲ್ಲೂ ಇರಲಿಲ್ಲ. ಅದನ್ನು ಅವನಿಗೆ ಹೇಳುವ ಅಗತ್ಯವಿರಲಿಲ್ಲ. ಅವನು ಪಾಪ ಅನ್ನುವಂತೆ ನೋಡಿ, ಸದಾ ಬೂಟು ಹಾಕಿಕೊಂಡೇ ಓಡಾಡಬೇಕೆಂದು ತಾಕೀತು ಮಾಡಿ, ಬಸಲಿಂಗವ್ವನ ಮನೆಯ ಮೇಲಂತಸ್ತಿನ ಕೋಣೆ ತೋರಿಸಿದ.

ಬಸಲಿಂಗವ್ವ ಮತ್ತು ಅವಳ ಗಂಡ ಚನವೀರಪ್ಪ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟವರು. ಮಗಳ ಮದುವೆಯಲ್ಲಿ ಇವಳು ಮೈ ಮುರಿದು ಬೇಯಿಸಿದ ಹೋಳಿಗೆಯನ್ನು ನೆಂಟರು ಹೊಗಳಿದಾಗ, ಚನವೀರಪ್ಪ ನೂರು ಜನರೆದುರು, ಇದು ನಮ್ಮ ಅಕ್ಕನ ಕೈಗುಣ ಅಂದಿದ್ದನಂತೆ. ಅವನ ಅಕ್ಕ ಆ ಹೊತ್ತಿನಲ್ಲಿ ಕೋಣೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಳಂತೆ. ಮಗಳು ಗಂಡನ ಜೊತೆ ದೂರದ ಊರಿಗೆ ಹೋದಳು; ಅವಳಿಗೆ ಈಗ ಮಕ್ಕಳಾಗಿ ಶಾಲೆಗೂ ಹೋಗುತ್ತಿದ್ದವು. ಇಲ್ಲಿ ಇವರ ಮೌನ ಹಾಗೇ ಇತ್ತು. ನಾನು ಬರುವ ಮೊದಲು ಇಬ್ಬರೂ ಬೆಕ್ಕಿನ ಮೂಲಕ ಮಾತಾಡುತ್ತಿದ್ದರಂತೆ. ನಾನು ಬಂದ ಮೇಲೆ ಬೆಕ್ಕಿಗೆ ಬಿಡುವಾಯಿತು. ರೊಟ್ಟಿ ಆರುತ್ತಿದೆ ಎಂದು ಅವಳು ನನಗೆ ಹೇಳುವಳು. ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಅವನು ನನಗೆ ಹೇಳುವನು. ಮೂವರೂ ಒಂದೇ ಪಡಸಾಲೆಯಲ್ಲಿ ಕೂತಿರುತ್ತಿದ್ದೆವು.

ಚನವೀರಪ್ಪ ಊರಂಚಿನ, ಗಡಿಯೊಳಗೇ ಇದ್ದ ಕಲ್ಲಿನ ಕ್ವಾರಿಯಲ್ಲಿ ಹಾಸುಗಲ್ಲು ಎಬ್ಬಿಸುವವನು. ಕಲ್ಲು ಎಬ್ಬಿಸಿದಲ್ಲೆಲ್ಲ ಚೇಳು. ನಾನು ಸಂಜೆ ಕತ್ತಲಾಗುವ ಹೊತ್ತಿಗೆ ನೇರಳೆ ಬೆಳಕಿನ ಟಾರ್ಚು ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. ಆ ಬೆಳಕು ಬಿದ್ದರೆ ಚೇಳು ಹಸಿರಾಗಿ ಹೊಳೆಯುತ್ತದೆ, ಅಡಗಿ ಕೂತರೂ ಸಿಕ್ಕಿಬೀಳುತ್ತದೆ. ತಂದ ಚೇಳುಗಳನ್ನು ಒಂದೊಂದಾಗಿ ಡಬ್ಬಿಯಲ್ಲಿ ಸಾಕಿ, ಇಕ್ಕಳದಲ್ಲಿ ಬಾಲ ಹಿಡಿದು, ಬ್ಯಾಟರಿಯ ತಂತಿ ಒಂದಿಷ್ಟು ಸೋಕಿಸಿದರೆ ಕೊಂಡಿಯ ತುದಿಯಲ್ಲಿ ಹನಿ ಮೂಡುತ್ತದೆ. ಮೊದಲು ನೀರಿನಂತೆ ತಿಳಿ, ಆಮೇಲೆ ಹಾಲಿನಂತೆ. ಆ ಹನಿಯನ್ನು ಒಣಗಿಸಿ, ಕರಗಿಸಿ, ಉಕ್ಕಿನ ಕೊಳವೆಯೊಳಗೆ ಹರಿಸಿದರೆ ಪೆಪ್ಟೈಡುಗಳು ಮದುವೆಮನೆಯಿಂದ ನೆಂಟರು ಹೊರಟಂತೆ ಹೊರಡುತ್ತವೆ: ಅವಸರದವರು ಮೊದಲು, ಅಂಟಿಕೊಂಡವರು ಕೊನೆಗೆ. ಬಸಲಿಂಗವ್ವ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿ, ಎಮ್ಮೆ ಕರೆದಿದ್ದರೆ ಚಹಾಕ್ಕಾದರೂ ಆಗುತ್ತಿತ್ತು ಎಂದು ಹೇಳಿ ಕೆಳಗಿಳಿಯುತ್ತಿದ್ದಳು. ಇಳಿಯುವ ಮೊದಲು ಒಂದು ಲೋಟ ಮಜ್ಜಿಗೆ ನನ್ನ ಮೇಜಿನ ಮೂಲೆಯಲ್ಲಿಟ್ಟಿರುತ್ತಿದ್ದಳು. ನಾನು ಕೆಲಸದ ಗುಂಗಿನಲ್ಲಿ ಕುಡಿಯಲು ಮರೆತರೆ, ಮತ್ತೆ ಮೆಟ್ಟಿಲು ಹತ್ತಿ ಬಂದು ಕುಡಿಯುವವರೆಗೂ ನಿಲ್ಲುತ್ತಿದ್ದಳು.

ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಕೈ ತಟ್ಟನೆ ನಿಂತಿತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಕಣ್ಣಿಂದ ನೀರು ಬಳಬಳ ಇಳಿಯಿತು. ಒಂದು ನಿಮಿಷ ಹಾಗೇ ಕೂತಿದ್ದು, ಎದ್ದು, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದಳು. ಆ ಮನುಷ್ಯ ಬುತ್ತಿ ಮರೆತು ಹೋಗಿದ್ದಾರೆ, ಕ್ವಾರಿ ಕಡೆ ಹೋಗುವವರಿದ್ದರೆ ಕೊಟ್ಟು, ಹಾಗೇ ಒಮ್ಮೆ ಮೈಕೈ ನೋಡಿಬರಲಿ ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು. ಆಗ ಅರ್ಥವಾಯಿತು. ಅವನಿಗೆ ಕುಟುಕಿದಾಗಲೆಲ್ಲ ಇವಳಿಗೆ ಉರಿಯುತ್ತಿತ್ತು. ಕೂಗಿದರೆ ಅವನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಸೋತ ಹಾಗೆ. ತನಗೆ ಊರಿನ ದೇವರ ದಯೆಯಿಂದ ಯಾರೋ ಒಬ್ಬರು ಸಮಯಕ್ಕೆ ಸರಿಯಾಗಿ ಬುತ್ತಿ ತರುತ್ತಾರೆ ಎಂದು ಚನವೀರಪ್ಪ ನಂಬಿಕೊಂಡಿದ್ದ. ನಾನು ನೋಡಿದ್ದನ್ನು ಬಸಲಿಂಗವ್ವ ನೋಡಿದಳು. ಬಾಯಿ ಬಿಟ್ಟರೆ ಮಜ್ಜಿಗೆ ಬಂದ್ ಎಂದು ಎಚ್ಚರಿಸಿದಳು. ನಾನು ಬಾಯಿ ಬಿಡಲಿಲ್ಲ.

ಇದಾದ ಮೇಲೆ ಬೇಸಿಗೆಯಲ್ಲಿ ಒಂದು ದಿನ ನಮ್ಮ ಓಣಿಯವರೆಲ್ಲ ಒಂದು ಮದುವೆಗೆ ಹೊರಟು ಹೋಗಿದ್ದರು. ನಾನು ಡಬ್ಬಿಗಳನ್ನೆಲ್ಲ ತೊಳೆದು, ಚೇಳುಗಳನ್ನು ಮತ್ತೆ ಒಳಗೆ ಬಿಟ್ಟು, ಬೂಟು ಹಾಕಿಕೊಂಡು ಕೆಳಗೆ ಬಂದೆ. ಎಡಗಾಲಿನ ಬೂಟಿನಲ್ಲಿ ಹರಳೊಂದು ಸಿಕ್ಕಂತಿತ್ತು, ಆಮೇಲೆ ಝಾಡಿಸೋಣವೆಂದು ಬಿಟ್ಟೆ. ಅಡುಗೆಮನೆಯಲ್ಲಿ ಬಸಲಿಂಗವ್ವ ಎಡಗಾಲು ಹಿಡಿದುಕೊಂಡು ಕುಕ್ಕರಿಸಿದ್ದಳು, ಸೆರಗು ಬಾಯಲ್ಲಿತ್ತು. ನನ್ನನ್ನು ಕಂಡು ಸೆರಗು ತೆಗೆದು, ಅವರು ಬುತ್ತಿ ಮರೆತು ಹೋಗಿದ್ದಾರೆ, ಸ್ವಲ್ಪ ಕ್ವಾರಿಗೆ ಹೋಗಿ ಕೊಟ್ಟು ಬರುತ್ತೀರಾ ಅಂದಳು. ಬುತ್ತಿ ತೆಗೆದುಕೊಂಡು ಹೋದದ್ದನ್ನು ಬೆಳಿಗ್ಗೆ ನಾನೇ ನೋಡಿದ್ದೆ. ಹಾಗೆಂದು ಹೇಳಿದೆ. ಅವಳು ಇನ್ನೊಂದು ಸುಳ್ಳು ಹುಡುಕುವಷ್ಟರಲ್ಲಿ ಮತ್ತೊಮ್ಮೆ ಉರಿ ಬಂದಿರಬೇಕು, ಗೋಡೆ ಹಿಡಿದುಕೊಂಡಳು.

"ಅವರಿಗೆ ಚೇಳು ಕಡದೈತ್ರಿ ಮೇಡಮ್ಮಾರ. ಒಂದಲ್ಲ, ಎರಡು ಸಲ. ನಡೀರಿ ಲಗೂನ," ಅಂದಳು. ಅಷ್ಟು ವರ್ಷಗಳಲ್ಲಿ ಅವಳು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಎದೆಬಡಿತ ಹತೋಟಿಗೆ ತರುವ ಮಾತ್ರೆ ಯಾವಾಗಲೂ ನನ್ನ ಚೀಲದಲ್ಲಿರುತ್ತಿತ್ತು. ಚೀಲವನ್ನು ಹೆಗಲಿಗೇರಿಸಿ ಓಡಿದೆ. ಬಸಲಿಂಗವ್ವ ಬರಿಗಾಲಿನಲ್ಲಿ, ಕುಂಟುತ್ತ ನನ್ನ ಹಿಂದೆ. ಕ್ವಾರಿಯ ದಾರಿ ಕಾದ ಹೆಂಚಿನಂತಿತ್ತು. ಕೆರೆಯ ಏರಿ ಹತ್ತುವಾಗ ಅವಳು ಮತ್ತೆ ಚೀರಿದಳು. ಏರಿ ಇಳಿಯುವಾಗ ಇನ್ನೊಮ್ಮೆ. ಆ ಮನುಷ್ಯ ಚೇಳಿನ ಗೂಡಿನ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದಾನೆಯೇ, ಎದ್ದು ಆಚೆ ಸರಿಯಲು ಆಗುವುದಿಲ್ಲವೇ ಎಂದು ದಾರಿಯುದ್ದಕ್ಕೂ ಬೈದಳು. ಮಧ್ಯೆ ಮಧ್ಯೆ ಅತ್ತಳು. ನಾನು ಓಡುತ್ತಲೇ ಅವಳಿಗೆ ಧೈರ್ಯ ಹೇಳಿದೆ: ಚೇಳಿನ ವಿಷದ ಚೀಲ ಬಲು ಚಿಕ್ಕದು, ಮೊದಲ ಕುಟುಕಿನಲ್ಲೇ ಹೆಚ್ಚಿನದು ಖರ್ಚಾಗುತ್ತದೆ, ಆಮೇಲಿನವು ಬರೀ ಸಿಟ್ಟಿಗೆ. ಅವಳ ಕಾಲಿನ ಲೆಕ್ಕದಲ್ಲಿ ಹಾಗೇನೂ ಇಲ್ಲವೆಂದು ಅವಳು ಹೇಳಿದಳು.

ನನಗೆ ವಿಪರೀತ ಬೆವರು ಬಂದಿತ್ತು. ಬಿಸಿಲಲ್ಲವೇ ಅಂದುಕೊಂಡೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಓಡಿದ್ದಕ್ಕೆ ಅಂದುಕೊಂಡೆ.

ಕ್ವಾರಿಯಲ್ಲಿ ಚನವೀರಪ್ಪ ಬೇವಿನ ನೆರಳಿಗೆ ಕೂತು ಬುತ್ತಿ ಬಿಚ್ಚಿ, ರೊಟ್ಟಿಗೆ ಖಾರದ ಹಿಂಡಿ ಹಚ್ಚಿಕೊಂಡು ಉಣ್ಣುತ್ತಿದ್ದ. ಕೂದಲು ಕೆದರಿ, ಕಾಲು ಸುಟ್ಟುಕೊಂಡು, ಕಣ್ಣು ಮೂಗು ಒಂದಾಗಿ ಓಡಿಬಂದ ಹೆಂಡತಿಯನ್ನು ನೋಡಿ ಅವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬಸಲಿಂಗವ್ವ ನಿಲ್ಲಲಿಲ್ಲ. ನೇರ ಹೋಗಿ ಅವನ ಎಡಗಾಲು ಎತ್ತಿ, ಬೆರಳು ಬಿಡಿಸಿ, ಹಿಮ್ಮಡಿ ತಿರುಗಿಸಿ ನೋಡಿದಳು. ಏನೂ ಇರಲಿಲ್ಲ.

ನಾನು ಅವನ ಪಕ್ಕ ಮೊಣಕಾಲೂರಿ, ಪರೀಕ್ಷೆಗೆ ಓದಿದ ಹುಡುಗಿಯಂತೆ ಮನಸ್ಸಿನಲ್ಲೇ ಒಂದೊಂದನ್ನೇ ಹೇಳಿಕೊಳ್ಳುತ್ತ ನೋಡತೊಡಗಿದೆ. ಕೈ ತಣ್ಣಗಿದೆಯೇ? ಅವನ ಕೈ ಬೆಚ್ಚಗಿತ್ತು. ತಣ್ಣಗಿದ್ದದ್ದು ಮುಟ್ಟಿದ ನನ್ನ ಕೈ. ಹಣೆಯಲ್ಲಿ ಬೆವರಿದೆಯೇ? ಅವನ ಹಣೆ ಒಣಗಿತ್ತು. ಅದರ ಮೇಲೆ ಬಿದ್ದ ಹನಿ ನನ್ನದು. ನಾಡಿ? ಅವನದು ಎತ್ತಿನ ಗಾಡಿಯಂತೆ ಸಾವಕಾಶವಾಗಿತ್ತು, ಆದರೆ ಅದನ್ನು ಹಿಡಿದ ನನ್ನ ಬೆರಳಿನ ತುದಿಯಲ್ಲಿ ಇನ್ನೊಂದು ನಾಡಿ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಬಾಯಲ್ಲಿ ಜೊಲ್ಲು ತುಂಬಿದೆಯೇ ಎಂದು ಕೇಳಲು ಬಾಯಿ ತೆರೆದೆ. ನನ್ನ ಬಾಯಿಂದಲೇ ಸುರಿಯಿತು.

ಅಲ್ಲೇ ಕಾಲು ಚಾಚಿ ಕೂತೆ. ಆಮೇಲೆ ಎಡಗಾಲಿನ ಬೂಟು ಬಿಚ್ಚಿ ತಲೆಕೆಳಗು ಮಾಡಿದೆ. ಅರ್ಧ ಜಜ್ಜಿಹೋದ ಕೆಂಪು ಚೇಳೊಂದು ಕೆಳಗೆ ಬಿದ್ದು, ಬಾಲ ಎತ್ತಲು ನೋಡಿ, ಆಗದೆ ಮಲಗಿತು. ಕಾಲುಚೀಲದ ಮೇಲೆ, ಹೆಬ್ಬೆರಳಿನ ಸುತ್ತ, ನಾಲ್ಕಾರು ಕಡೆ ಚುಕ್ಕೆ ಚುಕ್ಕೆ ರಕ್ತ. ನನಗೆ ಇರುವೆ ಕಚ್ಚಿದಷ್ಟೂ ನೋವಿರಲಿಲ್ಲ.

ಮೂವರೂ ಆ ಚೇಳನ್ನು ನೋಡಿದೆವು. ಮೊದಲು ತಲೆ ಎತ್ತಿದವಳು ಬಸಲಿಂಗವ್ವ. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು.

"ಇಷ್ಟೊತ್ತು ನೀ ಏನ?" ಅಂದಳು. "ನನ್ನ ಕಾಲು ಕೊಳ್ಳಿ ಇಟ್ಟಂಗ ಉರಿಯಾಕತ್ತೈತಿ, ನೀ ನನ್ನ ಮುಂದ ಕುಣಕೋಂತ ಓಡಾಕತ್ತಿದ್ದಿ?"

ಮೇಡಮ್ಮಾರ ಹೋಗಿ ನೀ ಆಗಿದ್ದನ್ನು ಗಮನಿಸುವಷ್ಟು ಪ್ರಜ್ಞೆ ನನಗಿತ್ತು. ಮಾತ್ರೆ ನುಂಗುವಷ್ಟೂ ಇತ್ತು. ವಿಷದ ಮೇಲೆ ಅಷ್ಟು ವರ್ಷ ಓದಿದವಳು, ಕುಟುಕಿಸಿಕೊಂಡು ಒಂದು ಮೈಲಿ ಓಡಿಬಂದಿದ್ದೆ, ಇನ್ನೊಬ್ಬರನ್ನು ಉಳಿಸಲು. ನಗು ಬಂತು. ನಗುವಾಗಲೇ ಬೇವಿನ ಮರ ಒಂದು ಕಡೆ ವಾಲಿದಂತಾಯಿತು.

ಆಮೇಲಿನದು ಅವರಿಬ್ಬರೂ ಹೇಳಿದ್ದು. ಚನವೀರಪ್ಪ ನನ್ನನ್ನು ಕಲ್ಲು ಸಾಗಿಸುವ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಲಗಿಸಿದನಂತೆ. ಟ್ರ್ಯಾಕ್ಟರು ಚಾಲೂ ಆಗದೆ ಸತಾಯಿಸಿದಾಗ ಬಸಲಿಂಗವ್ವ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು, ಇನ್ನೂ ಉರಿಯುತ್ತಿದೆ, ಅಂದರೆ ಜೀವ ಇದೆ, ಉರಿ ನಿಲ್ಲುವುದರೊಳಗೆ ಹೊರಡಿಸಿರಿ ಎಂದು ಕಿರುಚಿದಳಂತೆ. ಗಂಡನಿಗೆ ನೇರವಾಗಿ. ಅವನು ಹ್ಯಾಂಡಲು ತಿರುಗಿಸುವುದು ಬಿಟ್ಟು, ನನಗೆ ಹೇಳಿದಿಯಾ ಎಂದು ಕೇಳಿದನಂತೆ. ಇಲ್ಲಿ ಬೆಕ್ಕು ಇದೆಯೇ ಅಂದಳಂತೆ.

ದವಾಖಾನೆಯಲ್ಲಿ ಪ್ರತಿವಿಷ ಕೊಟ್ಟರು, ರಾತ್ರಿಯೆಲ್ಲ ಎದೆಯ ಮೇಲೆ ಕಣ್ಣಿಟ್ಟರು. ನನಗೆ ಪೂರ್ತಿ ಎಚ್ಚರವಾದಾಗ ಬೆಳಗಾಗಿತ್ತು. ಮಂಚದ ಈ ಕಡೆ ಬಸಲಿಂಗವ್ವ, ಆ ಕಡೆ ಚನವೀರಪ್ಪ. ನನ್ನ ಹೊಟ್ಟೆಯ ಮೇಲಿನಿಂದ ಜಗಳ ಹಾಯ್ದಾಡುತ್ತಿತ್ತು. ಬುತ್ತಿಯ ಗುಟ್ಟು ಹೊರಬಿದ್ದಿತ್ತು. ಇಷ್ಟು ವರ್ಷ ನಾನು ಊರ ದೇವರಿಗೆ ಕಾಯಿ ಒಡೆಸುತ್ತಿದ್ದೆನಲ್ಲ, ಹೇಳಿದ್ದರೆ ಅದನ್ನು ನಿನಗೇ ಒಡೆಯುತ್ತಿದ್ದೆನಲ್ಲ ಎಂದು ಅವನ ದೂರು. ನನ್ನ ಮುಂದೆ ಕಾಯಿ ಬೇಡ, ಹೋಳಿಗೆ ಮಾಡಿದವರು ಯಾರು ಎಂದು ನೂರು ಜನರೆದುರು ಹೇಳಿದ್ದರೆ ಸಾಕಿತ್ತು ಎಂದು ಅವಳದು. ಅವನು ಎದ್ದು ವಾರ್ಡಿನ ನಡುವೆ ನಿಂತು, ಮಲಗಿದ್ದ ರೋಗಿಗಳನ್ನೆಲ್ಲ ಉದ್ದೇಶಿಸಿ, ನನ್ನ ಮಗಳ ಮದುವೆಯ ಹೋಳಿಗೆ ಮಾಡಿದವಳು ಇವಳು ಎಂದು ಸಾರಿ ಬಂದು ಕೂತ. ನರ್ಸು ಬಂದು ಗದರಿದಳು. ಬಸಲಿಂಗವ್ವ, ನೂರು ಜನ ಎಲ್ಲಿದ್ದಾರೆ ಎಂದು ಗೊಣಗಿದಳು. ಆದರೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ನನ್ನ ಕಡೆ ತಿರುಗಿ, ಕಾಲು ಹೇಗಿದೆ ಎಂದು ಕೇಳಿದಳು. ನನ್ನದು ಚೆನ್ನಾಗಿದೆ, ನಿಮ್ಮದು ಹೇಗಿದೆ ಎಂದೆ. ಅವಳು ತನ್ನ ಪಾದ ನೋಡಿಕೊಂಡಳು.

"ನನಗ ಗೊತ್ತಿರಲಿಲ್ಲ ನೋಡವ್ವ, ನೀ ನನಗ ಉರೀತಿ ಅಂತ," ಅಂದಳು. ಆಮೇಲೆ, ನಾನೇನಾದರೂ ಹೇಳಿಬಿಟ್ಟೇನು ಎಂದು ಹೆದರಿದವಳಂತೆ, ಗಂಜಿ ತರುತ್ತೇನೆಂದು ಎದ್ದು ಹೋದಳು.

ಮಳೆಗಾಲದ ಹೊತ್ತಿಗೆ ನನ್ನ ಕೆಲಸ ಒಂದು ಹಂತಕ್ಕೆ ಬಂತು. ನೋವಿನ ಪೆಪ್ಟೈಡು ಕೊಳವೆಯಿಂದ ಒಂಟಿಯಾಗಿ ಇಳಿದು ಬಂದಿತ್ತು. ಅದರ ಮಣಿಗಳೆಷ್ಟು, ಗುಂಡಿಗಳೆಲ್ಲಿ, ನರದ ಯಾವ ಬಾಗಿಲಿಗೆ ಅಂಟುತ್ತದೆ ಎಲ್ಲ ತಿಳಿದಿತ್ತು. ಪುರಸಭೆಯವರು ಸಭಾಭವನದಲ್ಲಿ ನನ್ನಿಂದ ಒಂದು ಭಾಷಣ ಮಾಡಿಸಿದರು. ಜನರಿಗೆ ನನ್ನಿಂದ ಬೇಕಾಗಿದ್ದುದು ಒಂದೇ: ಈ ಉರಿಯನ್ನು ನಿಲ್ಲಿಸುವ ಔಷಧಿ ಬರುತ್ತದೆಯೇ ಇಲ್ಲವೇ. ಬರಬಹುದಾಗಿತ್ತು. ಆ ಬಾಗಿಲಿಗೆ ಬಿರಡೆ ಮಾಡುವುದು ಹೇಗೆಂದು ನನಗೆ ಹೊಳೆದಿತ್ತು. ಆದರೆ ಉರಿ ನಿಂತರೆ ಕೂಗುವವರು ಯಾರು, ಹುಡುಕುವವರು ಯಾರು? ಇದನ್ನು ಹೇಗೆ ಹೇಳಲಿ ಎಂದು ತಲೆ ಕೆಡಿಸಿಕೊಂಡೇ ವೇದಿಕೆ ಹತ್ತಿದೆ. ಚನವೀರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ಬಸಲಿಂಗವ್ವ ಬಂದಿರಲಿಲ್ಲ. ದಿನಾ ಊಟದ ಹೊತ್ತಿಗೆ ಕೇಳುವುದನ್ನೇ ಕುರ್ಚಿಯ ಮೇಲೆ ಕೂತು ಯಾಕೆ ಕೇಳಬೇಕು, ಸ್ನಾನಕ್ಕೆ ನೀರು ಕಾಯಿಸಿಟ್ಟಿರುತ್ತೇನೆ ಎಂದಿದ್ದಳು.

ಸರ, ಮಣಿ, ಗುಂಡಿಯವರೆಗೆ ಹೇಳಿ ಮುಗಿಸಿದ್ದೆ. ಇನ್ನು ಔಷಧಿಯ ಮಾತು ಎತ್ತಬೇಕು ಅನ್ನುವಷ್ಟರಲ್ಲಿ, ಬಲಗೈಯ ಹೆಬ್ಬೆರಳಿಗೆ ಕಾದ ಸೂಜಿ ಚುಚ್ಚಿ ಭುಜದವರೆಗೆ ಎಳೆದಂತಾಯಿತು. ನೋವೆಂದರೆ ಏನೆಂದು ನಾನು ಪುಟಗಟ್ಟಲೆ ಬರೆದಿದ್ದೆ. ಅದರಲ್ಲಿ ಒಂದು ಸಾಲೂ ನಿಜವಾಗಿರಲಿಲ್ಲ. ಮೈಕಿನಲ್ಲೇ ಕೂಗಿಕೊಂಡೆ. ಅದೇ ಗಳಿಗೆಯಲ್ಲಿ ಮುಂದಿನ ಸಾಲಿನಿಂದ ಇನ್ನೊಂದು ಕೂಗು ಎದ್ದಿತು. ಚನವೀರಪ್ಪ ಬಲಗೈ ಹಿಡಿದುಕೊಂಡು ಎದ್ದು ನಿಂತಿದ್ದ, ಬಾಯಿ ತೆರೆದು ನನ್ನನ್ನು ನೋಡುತ್ತಿದ್ದ. ಸಭೆಗೆ ಸಭೆಯೇ ಎದ್ದಿತು. ಯಾರಿಗೆ, ಎಲ್ಲಿ ಎಂದು ಕೇಳುವವರಿಗೆ ನಾವಿಬ್ಬರೂ ಉತ್ತರ ಕೊಡಲಿಲ್ಲ. ನಾನು ವೇದಿಕೆಯಿಂದ ಹಾರಿದೆ. ಅವನು ನನಗಿಂತ ಮೊದಲೇ ಬಾಗಿಲು ದಾಟಿದ್ದ.

ಹಿತ್ತಲಲ್ಲಿ ಬಸಲಿಂಗವ್ವ ಒಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಕೆಡವಿದ ಸಗಣಿ ಕುಳ್ಳಿನ ರಾಶಿ, ಹಂಡೆಯಲ್ಲಿ ನೀರು ಆಗಲೇ ಮರಳುತ್ತಿತ್ತು. ಹಣೆಯಲ್ಲಿ ಬೆವರು ಮೂಡಿತ್ತು. ಒಲೆಯ ಕಾವೆಂದು ಅವಳು ಅಂದುಕೊಂಡಿರಬೇಕು. ಗಂಡನೂ ನಾನೂ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಬಾಗಿಲಲ್ಲಿ ಬಂದು ನಿಂತಿದ್ದನ್ನು ಕಂಡು, ಭಾಷಣ ಅಷ್ಟು ಕೆಟ್ಟದಾಗಿತ್ತೇ ಎಂದು ಕೇಳಿದಳು.

ನಾನು ಚೀಲದಲ್ಲಿ ಮಾತ್ರೆಗಾಗಿ ತಡಕಾಡತೊಡಗಿದೆ. ಚನವೀರಪ್ಪ ಹೋಗಿ ಅವಳ ಎದುರು ಕುಕ್ಕರಿಸಿದ.

"ಕೈ ತೋರ್ಸು," ಅಂದ.

ಅವಳು ಬಲಗೈ ಮುಂದೆ ಚಾಚಿ ಹೆಬ್ಬೆರಳು ನೋಡಿಕೊಂಡಳು. ಸಣ್ಣದೊಂದು ಕೆಂಪು ಚುಕ್ಕೆ. ಆಮೇಲೆ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ನಮ್ಮಿಬ್ಬರ ಕೈಗಳನ್ನು ನೋಡಿದಳು. ಮುಖದ ಮೇಲೆ ಎಂಥದೋ ಬೆಳಕು ಬಂತು; ಅದನ್ನು ನಮಗೆ ತೋರಿಸಲು ಮನಸ್ಸಿಲ್ಲದೆ ತಲೆ ತಗ್ಗಿಸಿ ಒಲೆಗೆ ಇನ್ನೊಂದು ಕುಳ್ಳು ಒಟ್ಟಿದಳು.

"ಭಾಳ ಉರಿಯಾಕತ್ತೈತೇನು?" ಎಂದು ಕೇಳಿದಳು.

ಭಾಳ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಮಾತ್ರೆ ಕೊಟ್ಟರೆ ಬಾಯಿ ತೆರೆಯುವ ಬದಲು, ಇನ್ನೊಮ್ಮೆ ಹೇಳಿರಿ ಎಂದು ಕೇಳಿ ಹೇಳಿಸಿಕೊಂಡಳು.